ಸಾರಿನ ತಳದ ಲೆಕ್ಕ

ಕೊಪ್ಪಳದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ಈ ಮೇಜಿನ ಮೇಲೆ ಅಡುಗೆಮನೆಯ ತೂಕದ ಯಂತ್ರ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಡಬ್ಬಿ ತೊಗರಿಬೇಳೆ. ಯಾರಾದರೂ ಒಬ್ಬರು ಬನ್ನಿ. ಇವತ್ತು ಬೆಳಿಗ್ಗೆ ಸಾರಿಗೆ ಎಷ್ಟು ಬೇಳೆ ಹಾಕಿದಿರೋ ಅಷ್ಟನ್ನೇ ಕೈಯಿಂದ ತೆಗೆದು ಈ ತಟ್ಟೆಗೆ ಹಾಕಿ.

(ಮುಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಬಂದರು. ಎರಡು ಹಿಡಿ ಹಾಕಿದರು. ಯಂತ್ರ 105 ಗ್ರಾಂ ತೋರಿಸಿತು. "ಆರು ಮಂದಿ ಅದೀವ್ರಿ. ದಿನಾ ಇಷ್ಟ ಹಾಕತೀನ್ರಿ" ಎಂದರು.)

ನೋಡಿ, ಇದು 105 ಗ್ರಾಂ. ತೊಗರಿಬೇಳೆಯ ನೂರು ಗ್ರಾಂನಲ್ಲಿ ಪ್ರೋಟೀನ್ ಇರೋದು ಸುಮಾರು 22 ಗ್ರಾಂ. ಹಾಗಾದರೆ ಇಲ್ಲಿ 23 ಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಆರು ಜನರಿಗೆ ಹಂಚಿದರೆ ತಲೆಗೆ ನಾಲ್ಕು ಗ್ರಾಂ ಕೂಡ ಪೂರ್ತಿ ಬರಲ್ಲ. ಒಂದು ಕೋಳಿ ಮೊಟ್ಟೆಯಲ್ಲಿ ಆರು ಗ್ರಾಂ ಇರುತ್ತದೆ. ಅಂದರೆ ಆ ಪಾತ್ರೆ ತುಂಬಾ ಸಾರಿನಲ್ಲಿ ಒಬ್ಬೊಬ್ಬರ ಪಾಲಿಗೆ ಬಂದದ್ದು ಮುಕ್ಕಾಲು ಮೊಟ್ಟೆಗಿಂತ ಕಮ್ಮಿ.

ಬೇಳೆ ಕೆಟ್ಟದ್ದು, ಮೊಟ್ಟೆ ಒಳ್ಳೆಯದು ಅಂತ ಹೇಳಲು ನಾನು ಇದನ್ನು ತೂಗಲಿಲ್ಲ. ಇದನ್ನೇ ತಿರುಗಿಸಿ ನೋಡಿ. ಒಂದು ಕಿಲೋ ತೊಗರಿಬೇಳೆಯಲ್ಲಿ ಸುಮಾರು 35 ಮೊಟ್ಟೆಯಷ್ಟು ಪ್ರೋಟೀನ್ ಇದೆ. ಒಣಗಿದ ಕಾಳು ತೂಕಕ್ಕೆ ತೂಕ ಕುರಿ ಮಾಂಸಕ್ಕೂ ಕಡಿಮೆ ಇಲ್ಲ. ಮಾಂಸದಲ್ಲಿ ನೂರು ಗ್ರಾಂಗೆ 20ರ ಆಸುಪಾಸು. ಹುರಳಿಯಲ್ಲಿ 22, ಹೆಸರುಬೇಳೆಯಲ್ಲಿ 24, ಶೇಂಗಾದಲ್ಲಿ 24, ಸೋಯಾದಲ್ಲಿ 36ರ ಹತ್ತಿರ. ಆದರೆ ನಾವು ಮಾಂಸವನ್ನು ತುಂಡುತುಂಡಾಗಿ ತಿನ್ನುತ್ತೇವೆ, ಬೇಳೆಯನ್ನು ನೀರಾಗಿ ಕುಡಿಯುತ್ತೇವೆ. ಜಗಳ ಮಾತ್ರ ಸಸ್ಯವೋ ಪ್ರಾಣಿಯೋ ಅಂತ ನಡೆಯುತ್ತಲೇ ಇರುತ್ತದೆ. ನಮ್ಮ ಕಡೆ ಕೇಳಬೇಕಾದ ಪ್ರಶ್ನೆ ಬೇರೆ. ತಟ್ಟೆಗೆ ಎಷ್ಟು ಬಂತು? ಯಾರ ತಟ್ಟೆಗೆ ಬಂತು?

ಮೊದಲು ಪ್ರೋಟೀನ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಇಲ್ಲೇ ಪಕ್ಕದಲ್ಲಿ ಭಾಗ್ಯನಗರ ಇದೆಯಲ್ಲ, ಅಲ್ಲಿ ಮಗ್ಗದ ಮುಂದೆ ನಿಂತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಸೀರೆಗೆ ಒಂಬತ್ತು ಬಣ್ಣದ ನೂಲು ಬೇಕು ಅಂತಿಟ್ಟುಕೊಳ್ಳಿ. ಎಂಟು ಬಣ್ಣ ಬುಟ್ಟಿ ತುಂಬಾ ಇದೆ. ಕೆಂಪು ಮಾತ್ರ ಅರ್ಧ ಸೀರೆಗೆ ಮುಗಿಯಿತು. ಮಗ್ಗ ಅಲ್ಲಿಗೇ ನಿಂತಿತು. ಉಳಿದ ಎಂಟು ಬಣ್ಣದ ನೂಲು ಆ ಸೀರೆಗೆ ಉಪಯೋಗಕ್ಕೆ ಬರಲ್ಲ. ನಮ್ಮ ಮೈಯೂ ಹಾಗೇ. ಪ್ರೋಟೀನ್ ಅನ್ನೋದು ಅಮೈನೋ ಆಮ್ಲ ಅನ್ನುವ 20 ಬಗೆಯ ನೂಲಿನಿಂದ ನೇಯ್ದದ್ದು. ಅದರಲ್ಲಿ ಒಂಬತ್ತನ್ನು ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಒಂದು ಕಮ್ಮಿಯಾದರೂ ನೇಯ್ಗೆ ಅಲ್ಲಿಗೆ ನಿಲ್ಲುತ್ತದೆ. ಉಳಿದದ್ದನ್ನು ಮೈ ಸೌದೆಯ ಹಾಗೆ ಸುಟ್ಟುಬಿಡುತ್ತದೆ.

ನಮ್ಮ ಜೋಳದಲ್ಲಿ ಕಮ್ಮಿ ಇರುವ ಆ ಕೆಂಪು ನೂಲಿನ ಹೆಸರು ಲೈಸಿನ್. ಇರಬೇಕಾದ್ದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟೇ ಇದೆ. ಅಕ್ಕಿ, ಗೋಧಿಯಲ್ಲೂ ಕೊರತೆ ಇದೆ. ಅಕ್ಕಿಯಲ್ಲಿ ಅಷ್ಟೊಂದಿಲ್ಲ. ತೊಗರಿ, ಕಡಲೆ, ಹೆಸರು, ಮಡಕಿ, ಹುರಳಿ, ಅಲಸಂದಿ, ಇವುಗಳಲ್ಲಿ ಲೈಸಿನ್ ಧಾರಾಳ. ಅವುಗಳಲ್ಲಿ ಕಮ್ಮಿ ಇರೋದು ಮೆಥಿಯೊನಿನ್ ಅನ್ನುವ ಇನ್ನೊಂದು ನೂಲು. ಅದು ಜೋಳದಲ್ಲಿ ಅಷ್ಟು ಕೊರತೆ ಇಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಲೇಬೇಕು ಅಂತಿಲ್ಲ. ಒಂದೇ ದಿನದ ಊಟದಲ್ಲಿ ಬಂದರೆ ಸಾಕು.

ಮೊಟ್ಟೆ, ಹಾಲು, ಮೀನು, ಮಾಂಸದಲ್ಲಿ ಒಂಬತ್ತೂ ಬಣ್ಣ ಸರಿಯಾದ ಅಳತೆಯಲ್ಲಿವೆ. ಜೊತೆಗೆ ಅವು ಸುಲಭವಾಗಿ ಜೀರ್ಣವಾಗುತ್ತವೆ. ಮೊಟ್ಟೆ ಹಾಲಿನ ಪ್ರೋಟೀನ್ ನೂರಕ್ಕೆ 95ರಷ್ಟು ಮೈಗೆ ಹತ್ತುತ್ತದೆ. ಕಾಳಿನದ್ದು 80ರ ಸುತ್ತಮುತ್ತ. ಜೋಳದ್ದು ಅದಕ್ಕಿಂತ ಕಮ್ಮಿ. ಜೋಳದಲ್ಲಿ ಕಾಫಿರಿನ್ ಅನ್ನುವ ಪ್ರೋಟೀನ್ ಇದೆ. ನೀರಿನಲ್ಲಿ ಬೇಯಿಸಿದಾಗ ಅದು ಗಂಟು ಬಿದ್ದ ಹಾಗಾಗುತ್ತದೆ, ಹೊಟ್ಟೆಯ ರಸಗಳಿಗೆ ಅದನ್ನು ಬಿಡಿಸೋದು ಕಷ್ಟ. ಹುಳಿ ಬರಿಸಿದರೆ ಆ ಗಂಟು ಸಡಿಲವಾಗುತ್ತದೆ. ಹುಳಿ ಬಂದ ಅಂಬಲಿ ಕುಡಿಯುತ್ತಿದ್ದ ನಮ್ಮ ಅಜ್ಜಂದಿರಿಗೆ ಕಾಫಿರಿನ್ ಹೆಸರು ಗೊತ್ತಿರಲಿಲ್ಲ, ಹೊಟ್ಟೆಗೆ ಯಾವುದು ಹಗುರ ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು.

ಈ ಎರಡನ್ನೂ, ಅಂದರೆ ನೂಲಿನ ಅಳತೆ ಮತ್ತು ಜೀರ್ಣವಾಗುವ ಗುಣ, ಸೇರಿಸಿ ಪ್ರೋಟೀನಿಗೆ ಅಂಕ ಕೊಡುವ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1991ರಲ್ಲಿ ತಂದಿತು, 2013ರಲ್ಲಿ ಇನ್ನಷ್ಟು ತಿದ್ದಿತು. ಅದರಲ್ಲಿ ಹಾಲು ಮೊಟ್ಟೆಗೆ ಪೂರ್ತಿ ಅಂಕ. ಸಸ್ಯಗಳಲ್ಲಿ ಸೋಯಾ ಅವುಗಳ ಹತ್ತಿರ ಬರುತ್ತದೆ. ಬರೀ ಗೋಧಿ, ಬರೀ ಜೋಳ ತುಂಬಾ ಕೆಳಗೆ. ಆದರೆ ಒಂದು ಮಾತು. ಆ ಅಂಕ ಒಂದೊಂದೇ ಪದಾರ್ಥಕ್ಕೆ ಕೊಟ್ಟದ್ದು. ಬರೀ ಜೋಳವನ್ನು ಯಾರು ತಿನ್ನುತ್ತಾರೆ? ನಾವು ಊಟ ಮಾಡುತ್ತೇವೆ. ಅಂಕ ಕೊಡಬೇಕಾದ್ದು ಊಟಕ್ಕೆ.

ನಮ್ಮ ಊಟಗಳಿಗೇ ಅಂಕ ಕೊಟ್ಟು ನೋಡೋಣ. ರೊಟ್ಟಿ ಜುಣಕ, ಚಿನ್ನದಂಥ ಜೋಡಿ. ಜೋಳ ಬಿಟ್ಟದ್ದನ್ನು ಕಡಲೆಹಿಟ್ಟು ಕೊಡುತ್ತದೆ. ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೇಲೊಂದಿಷ್ಟು ಗಟ್ಟಿ ಮೊಸರು, ಇದಕ್ಕಿಂತ ಹೆಚ್ಚು ಏನು ಬೇಕು? ಸೂಸ್ಲಾವನ್ನು ತಿಂಡಿ ಅಂತ ಹಗುರವಾಗಿ ನೋಡಬೇಡಿ. ತೋಯಿಸಿದ ಮಂಡಕ್ಕಿಗೆ ನೀವು ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತೀರಲ್ಲ, ಅಲ್ಲೇ ಅಕ್ಕಿ ಮತ್ತು ಕಡಲೆಯ ಜೋಡಿ ಆಯಿತು. ಒಂದು ಚಮಚ ಉದುರಿಸುವ ಕಡೆ ಮೂರು ಚಮಚ ಉದುರಿಸಿ.

ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮಗೆಲ್ಲ ಪ್ರೀತಿಯ ಜೋಡಿ ಇದು. ಹೊಲಕ್ಕೆ ಬುತ್ತಿ ಕಟ್ಟುವಾಗ ಬೇರೇನೂ ಇರದಿದ್ದರೆ ಇದು ಇದ್ದೇ ಇರುತ್ತದೆ. ಶೇಂಗಾದಲ್ಲಿ ಪ್ರೋಟೀನ್ ಬೇಕಾದಷ್ಟಿದೆ, ಒಳ್ಳೆಯ ಎಣ್ಣೆ ಇದೆ. ಆದರೆ ಶೇಂಗಾದಲ್ಲೂ ಲೈಸಿನ್ ಸಾಲದು. ಜೋಳದಲ್ಲಿ ಕಮ್ಮಿ ಇರುವುದೇ ಶೇಂಗಾದಲ್ಲೂ ಕಮ್ಮಿ. ಇಬ್ಬರು ಬಡವರು ಒಬ್ಬರಿಗೊಬ್ಬರು ಸಾಲ ಕೊಟ್ಟ ಹಾಗೆ. ಹಿಂಡಿ ಬಿಡಿ ಅಂತ ಹೇಳುತ್ತಿಲ್ಲ. ಹಿಂಡಿ ಇದೆ, ಕಾಳು ಪಲ್ಯ ಬೇಡ ಅಂತ ಮಾತ್ರ ಅನ್ನಬೇಡಿ.

ಇನ್ನು ಕಟ್ಟಿನ ಸಾರು. ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬೇಯಿಸಿ, ಬೇಳೆಯನ್ನು ಹೂರಣಕ್ಕೆ ತೆಗೆದು, ಕಟ್ಟು ಬಸಿದು ಸಾರು ಮಾಡುತ್ತೇವೆ. ರುಚಿಗೆ ಅದರ ಸಮ ಇನ್ನೊಂದಿಲ್ಲ. ಪ್ರೋಟೀನ್ ಮಾತ್ರ ಹೋಳಿಗೆಯೊಳಗೇ ಉಳಿಯಿತು.

ಈ ಜೋಡಿಗಳು ಯಾರೋ ಪುಸ್ತಕ ಓದಿ ಮಾಡಿದ್ದಲ್ಲ. ಹೊಲದಿಂದ ಬಂದದ್ದು. ಎರೆಹೊಲ, ಮಸಾರಿ ಹೊಲದಲ್ಲಿ ಜೋಳ, ಸಜ್ಜೆ ಬಿತ್ತುವಾಗ ಅಕ್ಕಡಿ ಸಾಲು ಬಿಡುತ್ತಿದ್ದೆವು. ಇಷ್ಟು ಸಾಲು ಜೋಳ ಆದಮೇಲೆ ಒಂದು ಸಾಲು ತೊಗರಿ. ನಡುವೆ ಹೆಸರು, ಮಡಕಿ, ಅಲಸಂದಿ. ಶೇಂಗಾ ಗಿಡ ಕಿತ್ತು ಬೇರನ್ನು ಹತ್ತಿರದಿಂದ ನೋಡಿದ್ದೀರಾ? ಸಾಸಿವೆಕಾಳಿನಷ್ಟು ಸಣ್ಣ ಗಂಟುಗಳು ಬೇರಿಗೆ ಅಂಟಿಕೊಂಡಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ತೊಗರಿ, ಹೆಸರಿನ ಬೇರಿನಲ್ಲೂ ಅವು ಇರುತ್ತವೆ. ಆ ಗಂಟಿನಲ್ಲಿ ಕೂತ ರೈಜೋಬಿಯಂ ಅನ್ನುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಪ್ರೋಟೀನಿಗೆ ಮೂಲ ಬಂಡವಾಳ ಆ ಸಾರಜನಕವೇ. ಕಾಳಿನಲ್ಲಿ ಪ್ರೋಟೀನ್ ಜಾಸ್ತಿ, ಜೋಳದಲ್ಲಿ ಕಮ್ಮಿ ಇರಲು ಇದು ದೊಡ್ಡ ಕಾರಣ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಬುಟ್ಟಿಯಲ್ಲಿ ಏನೇನಿರುತ್ತದೆ ನೆನಪು ಮಾಡಿಕೊಳ್ಳಿ. ಸಜ್ಜೆರೊಟ್ಟಿ, ಕಾಳು ಪಲ್ಯ, ಮೊಸರು, ಗುರೆಳ್ಳು ಪುಡಿ. ಹೊಲದಲ್ಲಿ ಪಕ್ಕಪಕ್ಕ ನಿಂತದ್ದು ತಟ್ಟೆಯಲ್ಲೂ ಪಕ್ಕಪಕ್ಕ ಕೂತಿರುತ್ತಿತ್ತು.

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಯಿತು. ಕಾಲುವೆ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹರಿಯಿತು. ಭತ್ತ ಬಂತು, ಕೈಗೆ ದುಡ್ಡು ಬಂತು, ಹಸಿವು ಕಮ್ಮಿಯಾಯಿತು. ಇದನ್ನು ನಾನು ಯಾವತ್ತೂ ಅಲ್ಲಗಳೆಯಲ್ಲ. ಹಸಿವು ಏನು ಅಂತ ನಮ್ಮವ್ವನ ಬಾಯಲ್ಲಿ ಕೇಳಿ ಬೆಳೆದವಳು ನಾನು. ಆದರೆ ನೀರು ನಿಂತ ಗದ್ದೆಯಲ್ಲಿ ಅಕ್ಕಡಿ ಇಲ್ಲ. ಹೊಲದಲ್ಲಿ ಸುಮ್ನೆ ಸಿಗುತ್ತಿದ್ದ ಹಿಡಿ ಹೆಸರು, ಹಿಡಿ ಮಡಕಿ ಈಗ ಅಂಗಡಿಯಿಂದ ದುಡ್ಡು ಕೊಟ್ಟು ತರುವ ಪದಾರ್ಥ. ಕೊಂಡು ತರುವ ಪದಾರ್ಥವನ್ನು ಯಾರಾದರೂ ಅಳೆದು ಅಳೆದು ಹಾಕುತ್ತಾರೆ, ಅಲ್ವಾ? ಬೇಳೆ ರೇಟು ಏರಿದ ವಾರ ಸಾರಿಗೆ ಮೊದಲು ಜಾಸ್ತಿಯಾಗೋದು ನೀರು.

ಈಗ ಲೆಕ್ಕಕ್ಕೆ ವಾಪಸ್ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಹೆಣ್ಣುಮಗಳಿಗೆ 46 ಗ್ರಾಂ, 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ. ಊಟದಲ್ಲಿ ಧಾನ್ಯವೇ ಹೆಚ್ಚಿದ್ದರೆ ಕಿಲೋಗೆ ಒಂದು ಗ್ರಾಂ ಅಂತ ಲೆಕ್ಕ ಹಿಡಿಯಬೇಕು. ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಇನ್ನೂ 22 ಗ್ರಾಂ ಸೇರಿಸಬೇಕು. ಹಾಲುಣಿಸುವ ಮೊದಲ ಆರು ತಿಂಗಳು 17 ಗ್ರಾಂ.

ಒಬ್ಬ ಹೆಣ್ಣುಮಗಳು ದಿನಕ್ಕೆ ನಾಲ್ಕು ರೊಟ್ಟಿ ತಿಂದಳು ಅನ್ನಿ. ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 20 ಗ್ರಾಂ ಪ್ರೋಟೀನ್. ನೂರು ಗ್ರಾಂ ಅಕ್ಕಿಯ ಅನ್ನದಿಂದ 8. ಎರಡು ಹೊತ್ತಿನ ಸಾರಿನಿಂದ 7 ಅಥವಾ 8. ಚಹಾದ ಹಾಲು, ಪಲ್ಯ ಎಲ್ಲ ಸೇರಿ 5. ಒಟ್ಟು 41ರ ಹತ್ತಿರ. ಕಾಗದದ ಮೇಲೆ ಪರವಾಗಿಲ್ಲ ಅನಿಸುತ್ತದೆ. ಆದರೆ ಅದರಲ್ಲಿ 28 ಗ್ರಾಂ ಜೋಳ ಮತ್ತು ಅಕ್ಕಿಯದ್ದು, ನೂಲು ಕಮ್ಮಿ ಇರುವಂಥದ್ದು. ಅದನ್ನು ಸರಿಪಡಿಸಬೇಕಾದ ಬೇಳೆಯ ಪ್ರೋಟೀನ್ ಎಂಟೇ ಗ್ರಾಂ. ಅದೂ ಹಂಚಿಕೆ ಸಮವಾಗಿದ್ದರೆ.

ಸಮವಾಗಿರುತ್ತದೆಯೇ? ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ಅವ್ವ ಸಾರು ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ, ಒಂದು ಸುತ್ತು ತಿರುವಿ ಎತ್ತುತ್ತಿದ್ದಳು. ಅದು ಅಪ್ಪನಿಗೆ. ಆಮೇಲೆ ಅಣ್ಣನಿಗೆ. ಆಮೇಲೆ ನಮಗೆ. ಕೊನೆಗೆ ತಾನು ಕೂರುವಾಗ ಪಾತ್ರೆಗೆ ಅರ್ಧ ಚೊಂಬು ಬಿಸಿನೀರು ಹಾಕಿ, ಚೂರು ಉಪ್ಪು ಉದುರಿಸಿ, ಒಮ್ಮೆ ಕುದಿಸಿಕೊಳ್ಳುತ್ತಿದ್ದಳು. ಆ ನೀರಿನ ಬಣ್ಣ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ತೆಳು ಹಳದಿ, ಮೇಲೆ ಎರಡು ಸಾಸಿವೆಕಾಳು. ಆಮೇಲೆ ನಾವು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರಕ್ತ ಕಮ್ಮಿ ಇದೆ ಅಂತ ಟಾನಿಕ್ ಬರೆದುಕೊಟ್ಟರು. ಮನೆಯಲ್ಲಿ ನೀನು ಏನು ತಿನ್ನುತ್ತೀ, ಯಾವಾಗ ತಿನ್ನುತ್ತೀ ಅಂತ ಯಾರೂ ಕೇಳಲಿಲ್ಲ. ನಾವು ಮಕ್ಕಳೂ ಕೇಳಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಬಂದಾಗ ನನಗೆ ಮೊದಲು ನೆನಪಾದದ್ದು ಆ ಬಿಸಿನೀರು.

ಇನ್ನು ಮಾಂಸದ ಮಾತು. "ನಾವು ಐತಾರ ಐತಾರ ತಿಂತೀವ್ರಿ, ನಮಗ ಪ್ರೋಟೀನ್ ಕಮ್ಮಿ ಬೀಳಂಗಿಲ್ಲ" ಅಂತ ಬಹಳ ಮಂದಿ ಹೇಳುತ್ತಾರೆ. ಅರ್ಧ ಕಿಲೋ ಮಟನ್ ತಂದಿರಿ. ಎಲುಬು ತೆಗೆದರೆ ಮುನ್ನೂರೈವತ್ತು ಗ್ರಾಂ ಉಳಿಯಬಹುದು. ಎಪ್ಪತ್ತು ಗ್ರಾಂ ಪ್ರೋಟೀನ್, ಆರು ಜನಕ್ಕೆ ತಲಾ 11 ಅಥವಾ 12. ಎರಡು ಮೊಟ್ಟೆಯಷ್ಟು. ಒಳ್ಳೆಯದೇ. ಆದರೆ ಮೈಗೆ ಪ್ರೋಟೀನ್ ಕೂಡಿಡುವ ಉಗ್ರಾಣ ಇಲ್ಲ. ಕೊಬ್ಬನ್ನು ಕೂಡಿಡುತ್ತದೆ, ಪ್ರೋಟೀನನ್ನು ಹಾಗೆ ಕೂಡಿಡಲ್ಲ. ಐತವಾರದ ಮಾಂಸ ಶನಿವಾರದವರೆಗೆ ಬರಲ್ಲ. ಉಳಿದ ಆರು ದಿನ ಮಾಂಸ ತಿನ್ನುವವರ ಮನೆಯಲ್ಲೂ, ತಿನ್ನದವರ ಮನೆಯಲ್ಲೂ ಅದೇ ರೊಟ್ಟಿ, ಅದೇ ಸಾರು.

ಹಾಗಂತ ಪ್ರಾಣಿ ಮೂಲದ ಆಹಾರಕ್ಕೆ ಬದಲಿ ಇದ್ದೇ ಇದೆ ಅಂತಲೂ ಅನ್ನಲಾರೆ. ಬಿ12 ಅನ್ನುವ ವಿಟಮಿನ್ ಗಿಡಗಳಲ್ಲಿ ಸಿಗಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು, ಇಲ್ಲವೇ ಮಾತ್ರೆಯಿಂದ. ಮಾಂಸದಲ್ಲಿರುವ ಕಬ್ಬಿಣ ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಸಸ್ಯಾಹಾರಿಗಳು ಕಾಳು ಪಲ್ಯಕ್ಕೆ ನಿಂಬೆಹಣ್ಣು ಹಿಂಡಬೇಕು, ಊಟದ ಹಿಂದೆಯೇ ಚಹಾ ಕುಡಿಯಬಾರದು ಅನ್ನೋದು ಇದಕ್ಕೇ. ಇನ್ನು ಎರಡು ವರ್ಷದ ಕೂಸಿನ ಹೊಟ್ಟೆ ಎಷ್ಟಿರುತ್ತದೆ? ಅದರ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಬೇಕಾದಷ್ಟು ರೊಟ್ಟಿ ಕಾಳು ತುಂಬಿಸೋದು ಕಷ್ಟ. ಒಂದು ಮೊಟ್ಟೆ ಸುಲಭವಾಗಿ ಹಿಡಿಸುತ್ತದೆ.

ಅದಕ್ಕೇ ಶಾಲೆಯ ಮೊಟ್ಟೆಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. 2013ರಲ್ಲಿ ಕ್ಷೀರಭಾಗ್ಯ ಶುರುವಾಯಿತು, 18 ಗ್ರಾಂ ಹಾಲಿನ ಪುಡಿಯಿಂದ 150 ಎಂಎಲ್ ಹಾಲು. 2021ರ ಡಿಸೆಂಬರಿನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಶಾಲೆಯ ಊಟಕ್ಕೆ ಮೊಟ್ಟೆ ಬಂತು. ಆಗ ಎಷ್ಟು ಗದ್ದಲ ಆಯಿತು ಅಂತ ನಿಮಗೆಲ್ಲ ನೆನಪಿದೆ. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು, 2024ರಿಂದ ವಾರಕ್ಕೆ ಆರು ದಿನ ಆಯಿತು. ಇದು ಆಗಲೇಬೇಕಿದ್ದ ಕೆಲಸ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಮೊದಲು ಚಿಕ್ಕಿಯನ್ನೂ ಕೊಡುತ್ತಿದ್ದರು, 2025ರಲ್ಲಿ ಅದನ್ನು ನಿಲ್ಲಿಸಿದರು. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂನ ಆಸುಪಾಸು. ಅದು ಮೊಟ್ಟೆಗೆ ಬದಲಿ ಅಲ್ಲ. ಚಿಕ್ಕಿ ವಾಸಿ ಇತ್ತು, ಆದರೆ ಅದು ಮತ್ತೆ ಶೇಂಗಾ. ತಿನ್ನದ ಮಗುವಿನ ನಂಬಿಕೆಯನ್ನು ಗೌರವಿಸೋಣ. ಗೌರವದ ಜೊತೆ ಒಂದು ಬಟ್ಟಲು ಬೇಯಿಸಿದ ಕಾಳನ್ನೂ ಕೊಡೋಣ. ಮೊಸರು ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮುಖ್ಯ ವಿಷಯ, ಹೊಟ್ಟೆ ತುಂಬದೆ ಪ್ರೋಟೀನ್ ಕೆಲಸ ಮಾಡಲ್ಲ. ಇದನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್. ಆಗ ದೊಡ್ಡ ದೇಶಗಳ ತಜ್ಞರೆಲ್ಲ ಬಡ ಮಕ್ಕಳಿಗೆ ಪ್ರೋಟೀನ್ ಪುಡಿ ಹಂಚಬೇಕು ಅನ್ನುತ್ತಿದ್ದರು. ಮಕ್ಕಳ ಊಟವನ್ನು ಹತ್ತಿರದಿಂದ ನೋಡಿದ ಗೋಪಾಲನ್ ಅವರು, ಇವರಿಗೆ ಮೊದಲು ಕಮ್ಮಿಯಾಗಿರೋದು ಊಟವೇ ಅಂದರು. ಹೊಟ್ಟೆ ಅರ್ಧ ಖಾಲಿ ಇದ್ದರೆ ಮೈ ಪ್ರೋಟೀನನ್ನೂ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಟಿವಿ ನೋಡಿ ಡಬ್ಬಿ ಪುಡಿ ತರುವ ಮೊದಲು ಇದನ್ನು ನೆನಪಿಡಿ. ಆ ದುಡ್ಡಿಗೆ ಎಷ್ಟು ಕಿಲೋ ಹೆಸರುಕಾಳು ಬರುತ್ತದೆ ಅಂತ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಿ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಜಿಮ್‌ಗೆ ಹೋಗುವ ಒಬ್ಬ ಹುಡುಗ ಬಾಗಿಲ ಹತ್ತಿರ ನಿಂತು ಕೇಳಿದ: "ಮೊಳಕೆ ಕಾಳು ಹಸಿದ ತಿಂದ್ರ ಜಾಸ್ತಿ ಪ್ರೋಟೀನ್ ಸಿಗತೈತೇನ್ರಿ ಮೇಡಂ?" ಇಲ್ಲಪ್ಪ. ಮೊಳಕೆ ಬಂದರೆ ಪ್ರೋಟೀನ್ ಹೆಚ್ಚಾಗಲ್ಲ, ಜೀರ್ಣ ಸುಲಭವಾಗುತ್ತದೆ, ಸಿ ವಿಟಮಿನ್ ಬರುತ್ತದೆ. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರುವ ವಸ್ತುಗಳಿರುತ್ತವೆ, ಬೇಯಿಸಿದರೆ ಅವು ಹೋಗುತ್ತವೆ. ಸ್ವಲ್ಪ ಹಬೆಯಲ್ಲಿ ಬೇಯಿಸಿಕೊಂಡು ತಿನ್ನು. ಸೋಯಾವನ್ನಂತೂ ಹಸಿಯಾಗಿ ತಿನ್ನಲೇಬಾರದು.

ಒಬ್ಬ ಹಿರಿಯರು ಮೂತ್ರಪಿಂಡದ ತೊಂದರೆ ಇರುವವರ ಬಗ್ಗೆ ಕೇಳಿದರು. ಅವರಿಗೆ ಈ ಲೆಕ್ಕ ಯಾವುದೂ ಹೊಂದಲ್ಲ. ಎಷ್ಟು ಪ್ರೋಟೀನ್ ಅನ್ನೋದನ್ನು ಅವರ ಡಾಕ್ಟರೇ ಹೇಳಬೇಕು.

ಕೊನೆಯದು, ಯಲಬುರ್ಗಾ ಕಡೆಯಿಂದ ಬಂದಿದ್ದ ಒಬ್ಬ ಅತ್ತೆಯ ಪ್ರಶ್ನೆ. "ಅಕ್ಕಾರ, ನಮ್ಮ ಸೊಸಿ ಬಾಣಂತಿ ಅದಾಳ್ರಿ. ಕಾಳು ಬ್ಯಾಳಿ ಕೊಟ್ರ ಕೂಸಿಗೆ ವಾಯು ಆಗತೈತಿ ಅಂತ ಬರೇ ರೊಟ್ಟಿ, ಬಳ್ಳೊಳ್ಳಿ ಖಾರ ಕೊಡಾಕತ್ತೇವ್ರಿ. ತಪ್ಪೇನ್ರಿ?"

ತಪ್ಪು ಅಂತ ನಿಮ್ಮನ್ನು ಬೈಯಲ್ಲ ಅವ್ವಾ. ನಿಮ್ಮ ಅತ್ತೆ ನಿಮಗೂ ಹಾಗೇ ಮಾಡಿರಬೇಕು. ಆದರೆ ವಾಯು ಆಗೋದು ತಿಂದವರ ಕರುಳಿನಲ್ಲಿ. ಅದು ಅಲ್ಲಿಂದ ಎದ್ದು ಎದೆಹಾಲಿಗೆ ಬರಲ್ಲ. ಆಕೆ ದಿನಾ ಕೂಸಿಗೆ ಹಾಲು ಕೊಡುತ್ತಿದ್ದಾಳೆ, ಅದಕ್ಕೆ 17 ಗ್ರಾಂ ಹೆಚ್ಚಿಗೆ ಬೇಕು ಅಂದೆನಲ್ಲ, ಬರೀ ರೊಟ್ಟಿಯಿಂದ ಅದು ಎಲ್ಲಿಂದ ಬರಬೇಕು? ಆಕೆಯ ಮೈಯನ್ನೇ ಕರಗಿಸಿ ಬರುತ್ತದೆ. ಹೆಸರುಬೇಳೆಯಿಂದ ಶುರು ಮಾಡಿ, ಹೊಟ್ಟೆಗೆ ಹಗುರ. ನೆನೆಸಿ, ಗಟ್ಟಿಯಾಗಿ ಬೇಯಿಸಿ, ಇಂಗು ಜೀರಿಗೆ ಒಗ್ಗರಣೆ ಹಾಕಿ. ದಿನಕ್ಕೊಂದು ದೊಡ್ಡ ಲೋಟ ಹಾಲು.

"ಬ್ಯಾಳಿ ಎಷ್ಟ್ರಿ?" ಎಂದರು.

ಬನ್ನಿ, ನಿಮ್ಮ ಕೈಯಿಂದಲೇ ನೋಡೋಣ ಅಂದೆ. ಅವರು ಬಂದು ಹೆಸರುಬೇಳೆಯ ಡಬ್ಬಿಯಿಂದ ಒಂದು ಹಿಡಿ ತೆಗೆದು ತಟ್ಟೆಗೆ ಸುರಿದರು. 48 ಗ್ರಾಂ ಬಂತು. ಅದರಲ್ಲಿ ಹನ್ನೊಂದೂವರೆ ಗ್ರಾಂ ಪ್ರೋಟೀನ್, ಇನ್ನೂರು ಎಂಎಲ್ ಹಾಲಿನಿಂದ ಆರೂವರೆ. ಎರಡೂ ಸೇರಿದರೆ ಹದಿನೆಂಟು. ದಿನಾ ಈ ಒಂದು ಹಿಡಿ, ಆಕೆಗೆ ಮಾತ್ರ, ಬೇರೆ ಪಾತ್ರೆಯಲ್ಲಿ ಬೇಯಿಸಿ ಅಂದೆ.

ಅವರು ಆ ಬೇಳೆಯನ್ನು ಡಬ್ಬಿಗೆ ವಾಪಸ್ ಹಾಕಲಿಲ್ಲ. ಪಕ್ಕದವರ ಹತ್ತಿರ ಒಂದು ಕಾಗದ ಇಸಿದುಕೊಂಡು ಪೊಟ್ಟಣ ಕಟ್ಟಿದರು. "ಅಳತಿಗೆ ಬೇಕ್ರಿ, ನನ್ನ ಮಗಗೂ ತೋರಸ್ತೀನಿ" ಅಂದು ಚೀಲದೊಳಗೆ ಇಟ್ಟುಕೊಂಡರು.